ಅಡ್ವಾನ್ಸ್ ಎಂಬ ಜೀತ: ಊರಿನಲ್ಲಿ ಜಾಗೃತಿ ಸಭೆ ನಡೆಸುವವರಿಗೊಂದು ಕೈಪಿಡಿ

ನಾನು ನಡೆಸಿದ ಮೊದಲ ಜಾಗೃತಿ ಸಭೆ ಪೂರ್ತಿ ದಂಡವಾಯಿತು. ಅಂಗನವಾಡಿಯ ಗೋಡೆಗೆ ದೊಡ್ಡದೊಂದು ಪೋಸ್ಟರ್ ಅಂಟಿಸಿದ್ದೆವು. ಕಬ್ಬಿಣದ ಸರಪಳಿ ಬಿಗಿದ ಎರಡು ಕೈಗಳು, ಕೆಳಗೆ ಕೆಂಪು ಅಕ್ಷರಗಳಲ್ಲಿ "ಮಾನವ ಕಳ್ಳಸಾಗಣೆ ತಡೆಯಿರಿ". ಸಂವಿಧಾನದ 23ನೇ ವಿಧಿಯಿಂದ ಶುರುಮಾಡಿ ಮುಕ್ಕಾಲು ಗಂಟೆ ಮಾತನಾಡಿದೆ. ಜನ ಚಪ್ಪಾಳೆ ತಟ್ಟಿದರು, ಚಹಾ ಕುಡಿದರು. ಹೊರಡುವ ಹೊತ್ತಿಗೆ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರನ್ನು ಏನು ಕೆಲಸ ಮಾಡುತ್ತೀರಿ ಎಂದು ಸುಮ್ಮನೆ ಮಾತಿಗೆ ಕೇಳಿದೆ.

"ಇಲ್ಲೇ ತೋಟದಲ್ಲಿ, ಮೇಷ್ಟ್ರೇ. ಮಗಳ ಮದುವೆಗೆ ಮೂವತ್ತು ಸಾವಿರ ತೆಗೆದುಕೊಂಡಿದ್ದೆ. ನಾಲ್ಕು ವರ್ಷವಾಯಿತು, ಇನ್ನೂ ತೀರಿಲ್ಲ."

"ಬೇರೆ ಕಡೆ ಕೂಲಿಗೆ ಹೋಗಬಹುದಲ್ಲ?"

"ಅದು ಹೇಗಾಗುತ್ತದೆ? ಅಡ್ವಾನ್ಸ್ ಇದೆಯಲ್ಲ."

ನನ್ನ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ಅವರಿಗೆ ತಾವು ಜೀತದಲ್ಲಿದ್ದೇವೆಂದು ಅನ್ನಿಸಿರಲಿಲ್ಲ. ಪೋಸ್ಟರಿನಲ್ಲಿದ್ದ ಕೈಗಳು ಅವರ ಕೈಗಳಂತೆ ಇರಲೂ ಇಲ್ಲ.

ಅಂದಿನಿಂದ ಆ ಪೋಸ್ಟರನ್ನು ಸುತ್ತಿ ಅಟ್ಟಕ್ಕೆ ಎಸೆದಿದ್ದೇನೆ. ನೀವು ಶಿಕ್ಷಕರಾಗಿರಬಹುದು, ಆಶಾ ಕಾರ್ಯಕರ್ತೆಯಾಗಿರಬಹುದು, ಸ್ವಸಹಾಯ ಸಂಘ ನಡೆಸುವವರಾಗಿರಬಹುದು, ಯುವಕ ಸಂಘದವರಾಗಿರಬಹುದು. ಬಲವಂತದ ದುಡಿಮೆಯ ಬಗ್ಗೆ ಊರಿನಲ್ಲಿ ಮಾತೆತ್ತಬೇಕೆಂದಿದ್ದರೆ ಎಲ್ಲಿಂದ ಹಿಡಿಯಬೇಕು, ಯಾರ ಬಳಿ ಹೋಗಬೇಕು, ಏನು ಮಾಡಬಾರದು ಎಂಬುದನ್ನು ನನ್ನ ತಪ್ಪುಗಳಿಂದ ಕಲಿತಷ್ಟು ಬರೆಯುತ್ತಿದ್ದೇನೆ.

1. ಮೊದಲು ಶಬ್ದ ಬದಲಿಸಿ

"ಮಾನವ ಕಳ್ಳಸಾಗಣೆ" ಎಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಮಕ್ಕಳ ಕಳ್ಳರು, ರಾತ್ರಿಯ ವ್ಯಾನು, ಪ್ರಜ್ಞೆ ತಪ್ಪಿಸುವ ಔಷಧ. "ಜೀತ" ಎಂದರೆ ಅಜ್ಜನ ಕಾಲದ ಕಥೆ. ದೇವರಾಜ ಅರಸರ ಕಾಲದಲ್ಲೇ ಮುಗಿದುಹೋಯಿತು ಎನ್ನುತ್ತಾರೆ. ಎರಡೂ ತಮ್ಮದಲ್ಲ ಎಂದು ಜನ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಕಾನೂನಿನ ಪ್ರಕಾರ ಜೀತ 1975ರ ಅಕ್ಟೋಬರ್ 25ರಿಂದಲೇ ರದ್ದಾಗಿದೆ. ಮೊದಲು ಸುಗ್ರೀವಾಜ್ಞೆ ಬಂತು, 1976ರ ಫೆಬ್ರುವರಿಯಲ್ಲಿ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯಾಯಿತು. ರದ್ದಾದದ್ದು ಹೆಸರು. ವ್ಯವಹಾರ ಮಾತ್ರ ಅಡ್ವಾನ್ಸ್, ಮುಂಗಡ, ಬಾಕಿ, ಲೆಕ್ಕ ಎಂಬ ಹೊಸ ಹೆಸರುಗಳಲ್ಲಿ ನಡೆದೇ ಇದೆ.

ಆದ್ದರಿಂದ ಸಭೆಯನ್ನು "ಜೀತ ಇದೆಯೇ?" ಎಂಬ ಪ್ರಶ್ನೆಯಿಂದ ಆರಂಭಿಸಬೇಡಿ. "ಈ ವರ್ಷ ಯಾರ್ಯಾರು ಮುಂಗಡ ತೆಗೆದುಕೊಂಡಿದ್ದೀರಿ?" ಎಂದು ಕೇಳಿ. ಆ ಪ್ರಶ್ನೆಗೆ ಕೈ ಎತ್ತಲು ಯಾರಿಗೂ ಸಂಕೋಚವಿರುವುದಿಲ್ಲ.

ಇನ್ನೊಂದು ಮಾತು. ಮೇಸ್ತ್ರಿಯನ್ನು ರಾಕ್ಷಸನಂತೆ ಚಿತ್ರಿಸಬೇಡಿ. ಇಟ್ಟಿಗೆ ಗೂಡಿಗೋ ಕಬ್ಬು ಕಡಿಯುವುದಕ್ಕೋ ಆಳು ಕಟ್ಟುವ ಮೇಸ್ತ್ರಿ ಅನೇಕ ಸಲ ಅದೇ ಕೇರಿಯವನು. ಯಾರಿಗೋ ಭಾವ, ಯಾರಿಗೋ ಸೋದರಮಾವ. ಅವನೂ ಮಾಲೀಕನಿಂದ ಸಾಲ ತಂದವನೇ. ನೀವು ಅವನನ್ನು ಬೈದರೆ ಅರ್ಧ ಸಭೆ ಎದ್ದು ಹೋಗುತ್ತದೆ.

2. ನಾಲ್ಕು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಳ್ಳಿ

1976ರ ಕಾಯ್ದೆ ಜೀತವನ್ನು ಗುರುತಿಸುವ ಬಗೆ ಬಹಳ ಸರಳ. ಮೊದಲು ಒಂದು ಋಣ ಇರಬೇಕು: ಮುಂಗಡವೋ, ಅಪ್ಪ ಮಾಡಿದ ಸಾಲವೋ, ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕೆ ಮಾಡಲೇಬೇಕಾದ ಬಿಟ್ಟಿ ಚಾಕರಿಯೋ. ಅದರ ಜೊತೆಗೆ ಈ ನಾಲ್ಕರಲ್ಲಿ ಒಂದಿದ್ದರೂ ಸಾಕು.

ಕೂಲಿ ಕೊಡುತ್ತಿಲ್ಲವೇ, ಅಥವಾ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುತ್ತಿದ್ದಾರೆಯೇ?
ಇಲ್ಲಿ ಬಿಟ್ಟು ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡುತ್ತಿಲ್ಲವೇ?
ಊರಿಗೆ, ಸಂತೆಗೆ, ಆಸ್ಪತ್ರೆಗೆ ಮನಸ್ಸು ಬಂದಾಗ ಹೋಗಿಬರಲು ಬಿಡುತ್ತಿಲ್ಲವೇ?
ಬೆಳೆದದ್ದನ್ನು, ತಯಾರಿಸಿದ್ದನ್ನು ಮಾರುಕಟ್ಟೆಯ ಬೆಲೆಗೆ ಮಾರಲು ಬಿಡುತ್ತಿಲ್ಲವೇ?

ನಾಲ್ಕೂ ಇರಬೇಕೆಂದು ಅನೇಕರು, ಅಧಿಕಾರಿಗಳೂ ಸೇರಿ, ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಬೀಗ ಹಾಕಿದ ಕೋಣೆ, ಹೊಡೆತ, ಕಾವಲು ನಾಯಿ ಇದ್ದರೆ ಮಾತ್ರ ಜೀತ ಎಂಬುದೂ ತಪ್ಪು.

ಸುಪ್ರೀಂ ಕೋರ್ಟು ಇದನ್ನು ಇನ್ನೂ ಬಿಡಿಸಿ ಹೇಳಿದೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೇ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದಿತು. ಹಸಿವು, ಬಡತನ ಇವೂ ಬಲವಂತವೇ. ಕೋಲು ಹಿಡಿದವನೊಬ್ಬ ಎದುರಿಗೆ ನಿಂತಿರಬೇಕಾಗಿಲ್ಲ. ಅದರ ಬೆನ್ನಿಗೇ ಬಂದ, ಹರಿಯಾಣದ ಕಲ್ಲುಗಣಿಗಳ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡವಿದೆ ಎಂದೇ ಊಹಿಸಿಕೊಳ್ಳಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದಿತು. ಕಾಯ್ದೆಯ 15ನೇ ಕಲಮೂ ರುಜುವಾತಿನ ಭಾರವನ್ನು ಸಾಲ ಕೊಟ್ಟವನ ಮೇಲೆಯೇ ಹೊರಿಸುತ್ತದೆ. "ಕಾಗದ ಪತ್ರ ಏನೂ ಇಲ್ಲವಲ್ಲ" ಎಂದು ಕೈಚೆಲ್ಲುವ ಕೂಲಿಗೆ ನೀವು ಹೇಳಬೇಕಾದ ಮೊದಲ ಮಾತು ಇದೇ.

"ಅವನೇ ಒಪ್ಪಿ ಬಂದ" ಎಂಬ ಸಮಜಾಯಿಷಿಯನ್ನೂ ಕೇಳುತ್ತೀರಿ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿ, ಮೋಸದಿಂದಲೋ ಬೆದರಿಕೆಯಿಂದಲೋ ಆಮಿಷದಿಂದಲೋ ಶೋಷಣೆಗಾಗಿ ಜನರನ್ನು ಸಾಗಿಸಿದವನಿಗೆ ಕನಿಷ್ಠ ಏಳು ವರ್ಷ ಶಿಕ್ಷೆ ಇದೆ. ಸಾಗಿಸಲ್ಪಟ್ಟವರು ಒಪ್ಪಿದ್ದರೇ ಇಲ್ಲವೇ ಎಂಬುದು ಅಲ್ಲಿ ಲೆಕ್ಕಕ್ಕೇ ಇಲ್ಲ. ಮಗು ಒಳಗೊಂಡಿದ್ದರೆ ಕನಿಷ್ಠ ಹತ್ತು ವರ್ಷ. ದಲಿತರನ್ನು, ಆದಿವಾಸಿಗಳನ್ನು ಜೀತಕ್ಕೆ ಇಟ್ಟುಕೊಂಡರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ. 1976ರ ಕಾಯ್ದೆಯಲ್ಲಿರುವುದು ಮೂರು ವರ್ಷದವರೆಗಿನ ಸೆರೆ ಮತ್ತು ಎರಡು ಸಾವಿರ ರೂಪಾಯಿವರೆಗಿನ ದಂಡ. ಈ ಎರಡು ಸಾವಿರವನ್ನು ಸಭೆಯಲ್ಲಿ ಹೇಳಿದರೆ ಜನ ನಗುತ್ತಾರೆ, ನಗಲಿ. ಅದಕ್ಕಾಗಿಯೇ ದೂರಿನಲ್ಲಿ ಬೇರೆ ಕಾನೂನುಗಳನ್ನೂ ಸೇರಿಸಿ ಬರೆಯಬೇಕಾಗುತ್ತದೆ.

3. ಭಾಷಣ ಬಿಡಿ, ಲೆಕ್ಕ ಬರೆಯಿರಿ

ಸಭೆಯ ಜೀವ ಇರುವುದು ಇಲ್ಲಿ. ಒಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣ ಸಾಕು. ಕೆಳಗಿನ ಅಂಕಿಗಳು ನಾನು ಪಾಠಕ್ಕಾಗಿ ಹಾಕಿಕೊಂಡವು. ನಿಮ್ಮ ಊರಿನ ದರ ಕೇಳಿ ಅವುಗಳ ಜಾಗದಲ್ಲಿ ಬರೆಯಿರಿ.

ಗಂಡ ಹೆಂಡತಿ ಇಟ್ಟಿಗೆ ಗೂಡಿಗೆ ಹೋಗಲು 60,000 ರೂಪಾಯಿ ಮುಂಗಡ ಪಡೆದರು ಎನ್ನಿ. ದಿನಕ್ಕೆ ಇಬ್ಬರೂ ಸೇರಿ ಸಾವಿರ ಇಟ್ಟಿಗೆ ಕೊಯ್ಯುತ್ತಾರೆ. ಸಾವಿರಕ್ಕೆ 700 ರೂಪಾಯಿ. ತಿಂಗಳಿಗೆ 26 ದಿನದಂತೆ ಏಳು ತಿಂಗಳು, ಅಂದರೆ 182 ದಿನ. ದುಡಿದದ್ದು 1,27,400 ರೂಪಾಯಿ. ವಾರದ ಖರ್ಚಿಗೆಂದು ಮಾಲೀಕ ಕೊಟ್ಟದ್ದು ಸಾವಿರದಂತೆ ಮೂವತ್ತು ವಾರಕ್ಕೆ 30,000. ಮುಂಗಡವನ್ನೂ ಖರ್ಚನ್ನೂ ಕಳೆಯಿರಿ. 37,400 ಉಳಿಯಬೇಕು, ಅದೂ ಕೂಲಿಯವರ ಕೈಯಲ್ಲಿ.

ಈಗ ಸೀಮೆಸುಣ್ಣ ಕೆಳಗಿಟ್ಟು ಕೇಳಿ: "ಹೋದ ವರ್ಷ ಬರುವಾಗ ನಿಮ್ಮ ಕೈಯಲ್ಲಿ ಎಷ್ಟಿತ್ತು?"

ಮೊದಲು ಒಂದು ಮೌನ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಡುತ್ತಾರೆ. ಮಳೆಗೆ ಕರಗಿದ ಹಸಿ ಇಟ್ಟಿಗೆ ಲೆಕ್ಕಕ್ಕೆ ಬರಲಿಲ್ಲ. ಒಡೆದದ್ದೆಂದು ನೂರಕ್ಕೆ ಇಷ್ಟು ಹಿಡಿದರು. ಮಗುವಿಗೆ ಜ್ವರ ಬಂದಾಗ ಕೊಟ್ಟ ಎರಡು ಸಾವಿರ ಪುಸ್ತಕದಲ್ಲಿ ಐದಾಗಿತ್ತು. ಕರೆತಂದ ಲಾರಿಯ ಬಾಡಿಗೆ, ಮೇಸ್ತ್ರಿಯ ಕಮಿಷನ್ ಎರಡೂ ನಮ್ಮ ತಲೆಗೇ ಬಂತು. ಕೊನೆಗೆ "ಇನ್ನೂ ಹದಿನೆಂಟು ಸಾವಿರ ಬಾಕಿ, ಮುಂದಿನ ವರ್ಷ ಬನ್ನಿ" ಎಂದರು. ಇದನ್ನೆಲ್ಲ ನೀವು ಹೇಳಬೇಡಿ, ಅವರೇ ಹೇಳಲಿ. ಅವರು ಹೇಳಿದ ಒಂದೊಂದನ್ನೂ ಹಲಗೆಯ ಮೇಲೆ ಬರೆಯುತ್ತಾ ಹೋಗಿ.

ಆ ಮೇಲೆ ಎರಡನೆಯ ಲೆಕ್ಕ. 1,27,400ನ್ನು ಇಬ್ಬರಿಗೆ, 182 ದಿನಕ್ಕೆ ಹಂಚಿದರೆ ತಲಾ ದಿನಕ್ಕೆ 350 ರೂಪಾಯಿ. ಕಾರ್ಮಿಕ ಇಲಾಖೆಯವರು ಆ ಕೆಲಸಕ್ಕೆ ಈ ವರ್ಷ ನಿಗದಿ ಮಾಡಿರುವ ಕನಿಷ್ಠ ವೇತನವನ್ನು ಮೊದಲೇ ತಿಳಿದುಕೊಂಡು ಬಂದಿರಿ, ಪಕ್ಕದಲ್ಲಿ ಬರೆಯಿರಿ. ಇಟ್ಟಿಗೆ ಮಗುಚಿಹಾಕುವ ಹತ್ತು ವರ್ಷದ ಮಗನನ್ನೂ ಲೆಕ್ಕಕ್ಕೆ ಸೇರಿಸಿದರೆ ಆ 350 ಇನ್ನೆಷ್ಟಕ್ಕೆ ಇಳಿಯುತ್ತದೆ? ನಸುಕಿನ ಮೂರು ಗಂಟೆಗೆ ಎದ್ದು ಮಣ್ಣು ಕಲಸುವ ಗಂಟೆಗಳನ್ನು ಯಾರು ಎಣಿಸಿದರು?

ಒಮ್ಮೆ ಹೀಗೆ ಲೆಕ್ಕ ಮಾಡುತ್ತಿದ್ದಾಗ, ಹಿಂದೆ ನಿಂತಿದ್ದ ಅಜ್ಜಿಯೊಬ್ಬರು "ಹಾಗಾದರೆ ಸಾಲ ಯಾರು ಯಾರಿಗೆ ಕೊಡಬೇಕು?" ಎಂದು ಕೇಳಿದರು. ನಾನು ಆ ದಿನ ಅಲ್ಲಿಗೇ ಸಭೆ ಮುಗಿಸಿದೆ.

4. ಹೊತ್ತು ಮತ್ತು ಜಾಗ

ಜಾಗೃತಿ ಸಭೆಗಳು ಸಾಮಾನ್ಯವಾಗಿ ನಡೆಯುವುದು ಫೆಬ್ರುವರಿ 9ರ ಜೀತ ನಿರ್ಮೂಲನಾ ದಿನದಂದು ಅಥವಾ ಜುಲೈ 30ರ ಮಾನವ ಕಳ್ಳಸಾಗಣೆ ವಿರೋಧಿ ದಿನದಂದು. ಫೆಬ್ರುವರಿಯಲ್ಲಿ ಗುಳೆ ಹೋಗುವವರು ಊರಿನಲ್ಲೇ ಇರುವುದಿಲ್ಲ! ಖಾಲಿ ಕೇರಿಗೆ ಭಾಷಣ ಮಾಡಿ ಫೋಟೊ ತೆಗೆಸಿಕೊಂಡು ಬಂದ ಹಾಗಾಗುತ್ತದೆ.

ಮುಂಗಡ ಕೈ ಬದಲಾಗುವ ಕಾಲ ನೋಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಮುಂಗಾರಿನ ಕೆಲಸ ಮುಗಿದು, ದಸರಾ ದೀಪಾವಳಿಯ ಖರ್ಚು ಎದುರಿಗೆ ನಿಂತಾಗ ಮೇಸ್ತ್ರಿಗಳು ಬರುತ್ತಾರೆ. ಇಟ್ಟಿಗೆ ಗೂಡುಗಳು ಹೊತ್ತುವುದು ಮಳೆ ನಿಂತ ಮೇಲೆ. ಹಳೆ ಮೈಸೂರಿನ ಕಡೆ ವರ್ಷದ ಲೆಕ್ಕಕ್ಕೆ ಮನೆಗೆಲಸ, ದನ, ತೋಟ ನೋಡಿಕೊಳ್ಳುವ ಆಳುಗಳ ಕರಾರು ಯುಗಾದಿಯಿಂದ ಯುಗಾದಿಗೆ. ಈ ದಿನಗಳಿಗೆ ಒಂದು ತಿಂಗಳು ಮುಂಚೆ ನಿಮ್ಮ ಸಭೆ ಇರಲಿ.

ಜಾಗದ ವಿಷಯಕ್ಕೆ ಬಂದರೆ, ಊರ ಮುಂದಿನ ದೇವಸ್ಥಾನದ ಜಗಲಿ ಬೇಡ. ಅಲ್ಲಿ ಯಾರು ಕೂರುತ್ತಾರೆ, ಯಾರು ಕೆಳಗೆ ನಿಲ್ಲುತ್ತಾರೆ ಎಂಬುದು ನಿಮಗೇ ಗೊತ್ತು. ಧ್ವನಿವರ್ಧಕವೂ ಬೇಡ. ಪಡಿತರ ಅಂಗಡಿಯ ಸಾಲು, ಸಂಘದ ವಾರದ ಸಭೆ, ಕೇರಿಯೊಳಗಿನ ಸಮುದಾಯ ಭವನ ವಾಸಿ. ಹೆಂಗಸರಿಗೆ ಪ್ರತ್ಯೇಕವಾಗಿ ಒಂದು ಸಭೆ ಇರಲೇಬೇಕು. ಗಂಡ ಮುಂಗಡ ಪಡೆದದ್ದು ಎಷ್ಟೆಂದು ಹೆಂಡತಿಗೆ ಗೊತ್ತಿಲ್ಲದ ಮನೆಗಳೇ ಹೆಚ್ಚು. ಮುಂಗಡ ತೀರಿಸಲು ಮಾತ್ರ ಅವಳೂ ದುಡಿಯಬೇಕು. ಮಕ್ಕಳ ಗ್ರಾಮಸಭೆಯಲ್ಲಿ "ಹೋದ ವರ್ಷ ಯಾರು ಶಾಲೆ ಬಿಟ್ಟು ಅಪ್ಪ ಅಮ್ಮನ ಜೊತೆ ಹೋಗಿದ್ದರು?" ಎಂದು ಕೇಳಿದರೆ ಯಾವ ಸಮೀಕ್ಷೆಯೂ ಕೊಡದ ಪಟ್ಟಿ ಐದು ನಿಮಿಷದಲ್ಲಿ ಸಿಗುತ್ತದೆ.

ಗುಳೆ ಹೋಗಲೇಬೇಡಿ ಎಂದು ಉಪದೇಶ ಮಾಡಲು ಹೋಗಬೇಡಿ. ಸರ್ಕಾರದ ಖಾತರಿ ಕೆಲಸದ ಕೂಲಿ ಖಾತೆಗೆ ಬರುವುದು ಯಾವಾಗಲೋ, ಮೇಸ್ತ್ರಿ ತರುವುದು ಇಂದೇ ನಗದು. ಮಗಳ ಹೆರಿಗೆಗೆ ಹಣ ಬೇಕಾದವರಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತಿದೆ. ಹೋಗುವವರು ಸುರಕ್ಷಿತವಾಗಿ ಹೋಗಲಿ.

5. ಹೊರಡುವ ಮುನ್ನ ಒಂದು ಹಾಳೆ

ಹೋಗುವ ಪ್ರತಿ ಕುಟುಂಬದಿಂದ ಒಂದು ಹಾಳೆ ಬರೆಸಿಕೊಳ್ಳಿ. ಹೋಗುವವರ ಹೆಸರು, ವಯಸ್ಸು. ಮೇಸ್ತ್ರಿಯ ಹೆಸರು, ಊರು, ಫೋನ್. ಪಡೆದ ಮುಂಗಡ, ಯಾರ ಮುಂದೆ ಪಡೆದರು. ಒಪ್ಪಿದ ಕೂಲಿ ದರ. ಕರೆದೊಯ್ದ ವಾಹನದ ಸಂಖ್ಯೆ. ಇದರ ಒಂದು ಪ್ರತಿ ಊರಿನಲ್ಲಿ ಉಳಿಯುವ ಅಜ್ಜಿ ತಾತನ ಬಳಿ, ಇನ್ನೊಂದು ಸಂಘದ ಪುಸ್ತಕದಲ್ಲಿ ಇರಲಿ.

ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕದ ಮೂಲಪ್ರತಿಯನ್ನು ಯಾರ ಕೈಗೂ ಕೊಡಬಾರದು; ಜೆರಾಕ್ಸ್ ಸಾಕು. ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಹೆಬ್ಬೆಟ್ಟು ಒತ್ತಬಾರದು. ತಲುಪಿದ ದಿನವೇ ಮೊಬೈಲಿನಿಂದ ಜಾಗದ ಲೊಕೇಶನ್ ಕಳುಹಿಸುವುದನ್ನು ಹುಡುಗರಿಗೆ ಹೇಳಿಕೊಡಿ. ಕೊಯ್ದ ಇಟ್ಟಿಗೆ, ಕಡಿದ ಕಬ್ಬು, ಪಡೆದ ಖರ್ಚು ಇವುಗಳನ್ನು ದಿನವೂ ಬರೆದಿಡಲು ಐದು ರೂಪಾಯಿಯ ಒಂದು ಪುಸ್ತಕ ಕೊಟ್ಟುಬಿಡಿ. ಬರೆಯಲು ಬಾರದವರು ಗೀಟು ಎಳೆದರೂ ಆಯಿತು. ಕುಟುಂಬದೊಳಗೆ ಒಂದು ಸಂಕೇತದ ಮಾತೂ ಇರಲಿ. ಒಂದು ಮನೆಯವರು "ಕಪ್ಪು ಎಮ್ಮೆ ಕರು ಹಾಕಿತೇ?" ಎಂದು ಕೇಳಿದರೆ ತೊಂದರೆಯಲ್ಲಿದ್ದೇವೆ ಎಂದರ್ಥ ಎಂದು ಗೊತ್ತುಮಾಡಿಕೊಂಡಿದ್ದರು. ಅವರ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ವಿದೇಶಕ್ಕೆ ಹೊರಟ ಹುಡುಗರಿದ್ದರೆ ಇಷ್ಟು ಸೇರಿಸಿ. ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಪ್ರವಾಸಿ ವೀಸಾ ಕೊಟ್ಟು "ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಆಗುತ್ತದೆ" ಎಂದರೆ ಅಲ್ಲಿಗೇ ನಿಲ್ಲಿಸಿ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಹೋದ ಭಾರತೀಯ ಯುವಕರು ಗಡಿ ದಾಟಿಸಲ್ಪಟ್ಟು, ಮ್ಯಾನ್ಮಾರ್‌ನ ಮ್ಯಾವಡ್ಡಿಯ ಆನ್‌ಲೈನ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದದ್ದು ಇದೇ ದಾರಿಯಲ್ಲಿ. ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು, ಅದನ್ನು ಕಸಿದಿಟ್ಟುಕೊಳ್ಳುವ ಹಕ್ಕು ಯಾವ ಮಾಲೀಕನಿಗೂ ಇಲ್ಲ.

6. ನಿಮ್ಮ ಕಣ್ಣಿಗೇ ಬಿದ್ದರೆ

ಬೆಂಗಳೂರಿನ ಸುತ್ತ ಆನೇಕಲ್, ಹೊಸಕೋಟೆ, ನೆಲಮಂಗಲ ಕಡೆ ಓಡಾಡುವವರು, ಕೊಡಗಿನ ತೋಟಗಳಲ್ಲಿ ಕೂಲಿಗಳಿರುವ ಲೈನ್ ಮನೆಗಳ ಪಕ್ಕ ಹಾದುಹೋಗುವವರು, ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯ ಪುಟ್ಟ ಕೆಲಸದ ಹುಡುಗಿಯನ್ನು ದಿನವೂ ನೋಡುವವರು, ನೀವೂ ಈ ಲೇಖನದ ಓದುಗರೇ. ಕನ್ನಡ ಬಾರದ, ಒಡಿಶಾದ ಬಲಾಂಗೀರ್ ಕಡೆಯಿಂದ ಬಂದ ಕುಟುಂಬಗಳು ಇಟ್ಟಿಗೆ ಗೂಡುಗಳಲ್ಲಿ ಎಷ್ಟೋ ಇವೆ. ಸಂತೆಗೆ ಮನೆಯವರೆಲ್ಲ ಒಟ್ಟಿಗೆ ಬರುವುದೇ ಇಲ್ಲ, ಒಬ್ಬರನ್ನು ಗೂಡಿನಲ್ಲಿ ಉಳಿಸಿಕೊಂಡೇ ಮಿಕ್ಕವರನ್ನು ಕಳಿಸುತ್ತಾರೆ ಎಂದರೆ ಅದೊಂದು ಸೂಚನೆ. ಮಾತನಾಡಿಸಿದರೆ ಪಕ್ಕದವನ ಮುಖ ನೋಡಿ ಉತ್ತರಿಸುವುದು ಇನ್ನೊಂದು.

ಇಲ್ಲಿ ಮಾಡಬಾರದ್ದೇ ಹೆಚ್ಚು. ಒಳಗೆ ನುಗ್ಗಬೇಡಿ. ಮಾಲೀಕನ ಜೊತೆ ವಾದಕ್ಕಿಳಿಯಬೇಡಿ. ನೀವು ಬಂದಿರಿ ಎಂಬ ಸುಳಿವು ಸಿಕ್ಕರೆ ರಾತ್ರೋರಾತ್ರಿ ಅಷ್ಟೂ ಕುಟುಂಬಗಳನ್ನು ಬೇರೆ ಜಿಲ್ಲೆಗೆ ಸಾಗಿಸಿರುತ್ತಾರೆ. ಮುಖ ಕಾಣುವಂತೆ ವಿಡಿಯೊ ಮಾಡಿ ಹಂಚಬೇಡಿ.

ಬಹಳ ಒಳ್ಳೆಯ ಮನಸ್ಸಿನವರು ಮಾಡುವ ತಪ್ಪೊಂದಿದೆ: ಚಂದಾ ಎತ್ತಿ "ಸಾಲ" ತೀರಿಸಿ ಬಿಡಿಸಿಕೊಂಡು ಬರುವುದು. ದಯವಿಟ್ಟು ಬೇಡ. ಕಾಯ್ದೆಯ 6ನೇ ಕಲಮಿನ ಪ್ರಕಾರ ಜೀತದ ಸಾಲ ಇಲ್ಲವೇ ಇಲ್ಲ, ಅದು ಅಳಿದುಹೋಗಿದೆ. ಅಳಿದ ಸಾಲಕ್ಕೆ ಹಣ ಪಡೆಯುವುದೇ 9ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆಗೆ ದಾರಿಯಾಗುವ ಅಪರಾಧ. ನೀವು ಹಣ ಕೊಟ್ಟರೆ ಆ ಸಾಲ ನಿಜವೆಂದು ಒಪ್ಪಿದಂತೆ. ಮಾಲೀಕ ಅದೇ ಹಣದಲ್ಲಿ ಇನ್ನೊಂದು ಕುಟುಂಬವನ್ನು ತರುತ್ತಾನೆ, ಬಿಡುಗಡೆಯಾದವರಿಗೆ ಸರ್ಕಾರದ ಪರಿಹಾರವೂ ತಪ್ಪುತ್ತದೆ.

7. ದೂರು

ಈಗಲೇ ಹೊಡೆತ, ಬೀಗ, ಪ್ರಾಣಾಪಾಯ ಇದ್ದರೆ 112. ಮಗು ಇದ್ದರೆ 1098. ಉಚಿತ ಕಾನೂನು ನೆರವಿಗೆ 15100. ಇವೆಲ್ಲ ಫೋನ್ ಕರೆಗಳು. ಆದರೆ ಜೀತದಿಂದ ಬಿಡಿಸುವ ಅಧಿಕಾರ ಇರುವುದು ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿಗಳಿಗೆ. ನಿಮ್ಮ ಅರ್ಜಿ ಅವರ ಹೆಸರಿಗಿರಲಿ. ಪೊಲೀಸ್ ವರಿಷ್ಠಾಧಿಕಾರಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಪ್ರತಿ ಕಳಿಸಿ. ಗ್ರಾಮ ಪಂಚಾಯಿತಿಗೆ ಮೊದಲೇ ಹೇಳಬೇಡಿ. ಒಳ್ಳೆಯ ಪಿಡಿಒಗಳೂ ಇದ್ದಾರೆ, ಸುದ್ದಿ ಹರಿಯುವ ಬಾಗಿಲುಗಳೂ ಅಲ್ಲಿ ಹಲವಿವೆ.

ಅರ್ಜಿ ಉದ್ದವಿರಬೇಕಿಲ್ಲ. ನಾನು ಬರೆಯುವ ಮಾದರಿ:

"ಮಾನ್ಯ ಉಪವಿಭಾಗಾಧಿಕಾರಿಗಳಿಗೆ. ವಿಷಯ: ಜೀತ ಕಾರ್ಮಿಕರ ಬಗ್ಗೆ ಮಾಹಿತಿ ಮತ್ತು ತುರ್ತು ವಿಚಾರಣೆಗೆ ಮನವಿ. ... ಗ್ರಾಮದ ... ಎಂಬಲ್ಲಿರುವ ಇಟ್ಟಿಗೆ ಗೂಡಿನಲ್ಲಿ ಸುಮಾರು ... ಕುಟುಂಬಗಳು ... ತಿಂಗಳಿಂದ ದುಡಿಯುತ್ತಿವೆ. ಇವರಿಗೆ ತಲಾ ... ರೂಪಾಯಿ ಮುಂಗಡ ಕೊಡಲಾಗಿದೆ. ಕನಿಷ್ಠ ವೇತನ ದೊರೆಯುತ್ತಿಲ್ಲ, ಮುಂಗಡ ತೀರುವವರೆಗೆ ಹೊರಹೋಗಲು ಬಿಡುತ್ತಿಲ್ಲ. ಇವರಲ್ಲಿ ... ಮಕ್ಕಳಿದ್ದಾರೆ. 1976ರ ಕಾಯ್ದೆಯಂತೆ ವಿಚಾರಣೆ ನಡೆಸಿ, ಬಿಡುಗಡೆ ಪತ್ರ ನೀಡಿ, ಬಾಕಿ ಕೂಲಿ ಕೊಡಿಸಿ, ಪ್ರಕರಣ ದಾಖಲಿಸಬೇಕಾಗಿ ಕೋರುತ್ತೇನೆ. ನನ್ನ ಹೆಸರನ್ನು ಗೌಪ್ಯವಾಗಿಡಬೇಕಾಗಿ ವಿನಂತಿ."

ನೇರವಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಜಾಗಕ್ಕೆ ಹೋಗುವ ದಾರಿಯ ಕೈನಕ್ಷೆ ಬರೆದು ಲಗತ್ತಿಸಿದರೆ ಅರ್ಧ ಕೆಲಸ ಸಲೀಸು. ನೋಡಿದ್ದನ್ನು ನೋಡಿದೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬರೆಯಿರಿ.

ವಿಚಾರಣೆಯ ದಿನ ಮೂರು ವಿಷಯಕ್ಕೆ ಪಟ್ಟುಹಿಡಿಯಿರಿ. ಕೂಲಿಗಳ ಹೇಳಿಕೆಯನ್ನು ಮಾಲೀಕ, ಮೇಸ್ತ್ರಿ ಇಲ್ಲದ ಜಾಗದಲ್ಲಿ ಪಡೆಯಬೇಕು; ಗೂಡಿನ ಕಚೇರಿಯಲ್ಲೇ ಕುರ್ಚಿ ಹಾಕಿಸಿಕೊಂಡು "ನಿಮಗೇನಾದರೂ ತೊಂದರೆ ಇದೆಯೇ?" ಎಂದು ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ. ಭಾಷೆ ಬಾರದವರಿಗೆ ದುಭಾಷಿ ಬೇಕು, ಮೇಸ್ತ್ರಿಯೇ ದುಭಾಷಿಯಾಗಬಾರದು. ಮೂರನೆಯದು ಬಿಡುಗಡೆ ಪತ್ರ, ಅಂದರೆ ಇವರು ಜೀತದಿಂದ ಬಿಡುಗಡೆಯಾದರೆಂದು ಅಧಿಕಾರಿ ಬರೆದುಕೊಡುವ ಪತ್ರ. ಬಸ್ ಹತ್ತಿಸಿ ಊರಿಗೆ ಕಳಿಸಿದರೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಆ ಪತ್ರವಿಲ್ಲದೆ ಊರಿಗೆ ಹೋದವರು ಸರ್ಕಾರದ ದಾಖಲೆಯಲ್ಲಿ ಜೀತದಲ್ಲಿ ಇದ್ದೇ ಇಲ್ಲ. ಕುಟುಂಬಕ್ಕೊಂದಲ್ಲ, ತಲೆಗೊಂದು ಪತ್ರ ಕೇಳಿ.

8. ಬಿಡುಗಡೆಯಾದ ಮೇಲೆ

ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದ ಪ್ರತಿಯೊಬ್ಬರಿಗೂ 30,000 ರೂಪಾಯಿವರೆಗೆ ತಕ್ಷಣದ ನೆರವಿದೆ. ಇದು ಮೊಕದ್ದಮೆಯ ತೀರ್ಪಿಗೆ ಕಾಯಬೇಕಿಲ್ಲ. ಆಮೇಲಿನ ಪರಿಹಾರ ವಯಸ್ಕ ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ ಎರಡು ಲಕ್ಷ, ಲೈಂಗಿಕ ಶೋಷಣೆ, ಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ ಮೂರು ಲಕ್ಷ. ದೊಡ್ಡ ಮೊತ್ತವನ್ನು ಶಿಕ್ಷೆಯಾಗುವುದಕ್ಕೆ ತಳುಕು ಹಾಕಿರುವುದು ಈ ಯೋಜನೆಯ ದೊಡ್ಡ ಹುಳುಕು. ಆದರೆ ಮೊಕದ್ದಮೆ ಮುಗಿಯದಿದ್ದರೂ, ಜೀತ ಇತ್ತೆಂದು ಜಿಲ್ಲಾಡಳಿತಕ್ಕೆ ಮೇಲ್ನೋಟಕ್ಕೆ ಕಂಡುಬಂದಿದ್ದರೆ ಪ್ರಸ್ತಾವ ತಡೆಹಿಡಿಯುವಂತಿಲ್ಲ ಎಂದು ಅದರಲ್ಲೇ ಇದೆ. ಗುಮಾಸ್ತರು ಮೊದಲ ಸಾಲು ಓದುತ್ತಾರೆ, ನೀವು ಎರಡನೆಯದನ್ನು ಓದಿಸಬೇಕು.

ಹಣ ಬರುವವರೆಗಿನ ತಿಂಗಳುಗಳೇ ಅಪಾಯದವು. ಮನೆಯಲ್ಲಿ ಅಕ್ಕಿಯಿಲ್ಲ, ಮೇಸ್ತ್ರಿ ಮತ್ತೆ ಬಾಗಿಲಲ್ಲಿ. ನನ್ನ ಮೊದಲ ಸಭೆಯಲ್ಲಿ ಚಪ್ಪಾಳೆ ತಟ್ಟಿದ್ದವರಿಗೆ ಬಿಡುಗಡೆ ಪತ್ರ ಸಿಕ್ಕಿದ್ದು ಏಳು ತಿಂಗಳ ಓಡಾಟದ ನಂತರ. ಆ ಏಳು ತಿಂಗಳಲ್ಲಿ ಎರಡು ಸಲ ಅವರು ತೋಟಕ್ಕೆ ವಾಪಸ್ ಹೊರಟಿದ್ದರು, ಎರಡು ಸಲವೂ ಮಗಳೇ ತಡೆದಳು. ಆನೇಕಲ್ಲಿನಿಂದ ಆರಂಭವಾಗಿ ರಾಜ್ಯದ ಹಲವೆಡೆ ಕೆಲಸ ಮಾಡಿರುವ ಜೀವಿಕ ಸಂಘಟನೆಯಲ್ಲಿ ಜೀತದಿಂದ ಹೊರಬಂದವರೇ ಸಂಘ ಕಟ್ಟಿಕೊಂಡಿದ್ದಾರೆ. ಒಬ್ಬೊಬ್ಬರೇ ಕಚೇರಿ ಸುತ್ತುವುದಕ್ಕೂ ಹತ್ತು ಜನ ಹೋಗಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತು. ಹಾಗಾಗಿ ಪಡಿತರ ಚೀಟಿ, ಮಕ್ಕಳ ಶಾಲೆ, ಬ್ಯಾಂಕ್ ಖಾತೆ ಇವಿಷ್ಟನ್ನು ಮೊದಲ ವಾರದಲ್ಲೇ ಮಾಡಿಸಿ. ಜಿಲ್ಲೆಯಲ್ಲಿಯೂ ಉಪವಿಭಾಗದಲ್ಲಿಯೂ ಕಾಯ್ದೆ ಹೇಳುವ, ಜೀತದ ಮೇಲೆ ಕಣ್ಣಿಡುವ ಜಾಗೃತಿ ಸಮಿತಿ ಇರಬೇಕು. ಕೊನೆಯ ಸಭೆ ಯಾವಾಗ ನಡೆಯಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಕೆಲವು ಸಲ ಆ ಅರ್ಜಿ ತಲುಪಿದ ವಾರದಲ್ಲೇ ಸಭೆ ನಡೆದುಬಿಡುತ್ತದೆ.

9. ಗೋಡೆಬರಹ

ಪೋಸ್ಟರಿನ ಬದಲು ನಾವೀಗ ಪಡಿತರ ಅಂಗಡಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸುವುದು ಇಷ್ಟು:

ಮುಂಗಡ ಬಾಕಿ ಇದೆ ಎಂದು ಯಾರೂ ನಿಮ್ಮನ್ನು ಹಿಡಿದಿಡುವಂತಿಲ್ಲ.
ಅಪ್ಪನ ಸಾಲಕ್ಕೆ ಮಗ ದುಡಿಯಬೇಕಿಲ್ಲ.
ದಿನದ ಲೆಕ್ಕ ನೀವೇ ಬರೆದಿಡಿ.
ಬಿಡುಗಡೆ ಪತ್ರವಿಲ್ಲದೆ ಊರಿಗೆ ಮರಳಬೇಡಿ.
ತುರ್ತು 112. ಮಕ್ಕಳಿಗೆ 1098. ಉಚಿತ ವಕೀಲರು 15100.

ಚಿತ್ರ ಬೇಕೇಬೇಕು ಎನ್ನುವ ಹುಡುಗರಿದ್ದರೆ ಒಂದು ಲೆಕ್ಕದ ಪುಸ್ತಕ ಬರೆಯಲಿ. ಅಂಗಡಿಯವರ ಒಪ್ಪಿಗೆ ಮೊದಲೇ ಕೇಳಿ. ಸುಣ್ಣದ ಗೋಡೆಯ ಮೇಲೆ ಬಣ್ಣ ಒಂದು ಮಳೆಗಾಲಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಪ್ರತಿ ವರ್ಷ ಮಹಾನವಮಿಗೆ ಮುಂಚೆ, ಮೇಸ್ತ್ರಿಗಳು ಬರುವುದರೊಳಗೆ, ಮತ್ತೊಮ್ಮೆ ಬರೆಸಬೇಕಾಗುತ್ತದೆ.